ಪ್ರಾಣ ಕಾಯುವ ಹೊಲಿಗೆ

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಕೌದಿಯ ಹೊಲಿಗೆ ಬಿಟ್ಟರೆ ಮತ್ತೆ ಹಾಕಬಹುದು. ಆದರೆ ಮನುಷ್ಯನ ಜಠರಕ್ಕೆ ಹಾಕಿದ ಹೊಲಿಗೆ ಬಿಟ್ಟರೆ ಆಹಾರವೂ ಜೀರ್ಣರಸವೂ ಒಡಲೊಳಗೆ ಸೋರಿ ಪ್ರಾಣಕ್ಕೇ ಸಂಚಕಾರವಾಗುತ್ತದೆ. ಅಂತಹ ಹೊಲಿಗೆಯನ್ನು ನಂಬಲರ್ಹವಾಗಿ ಮಾಡಿದ ಶಸ್ತ್ರವೈದ್ಯನೇ ಥಿಯೋಡೋರ್ ಬಿಲ್‌ರೋತ್.

ಬಿಲ್‌ರೋತ್ 1829ನೆಯ ಏಪ್ರಿಲ್ 26ರಂದು ಜರ್ಮನಿಯ ರ್ಯೂಗೆನ್ ದ್ವೀಪದಲ್ಲಿ ಜನಿಸಿದನು. ತಂದೆ ಪಾದ್ರಿ, ಮಗನು ಚಿಕ್ಕವನಾಗಿದ್ದಾಗಲೇ ತೀರಿಕೊಂಡನು. ಬಾಲಕನ ಒಲವು ಸಂಗೀತದ ಕಡೆಗಿದ್ದರೂ ತಾಯಿಯ ಇಚ್ಛೆಯಂತೆ ವೈದ್ಯಶಾಸ್ತ್ರವನ್ನು ಕಲಿತನು. 1860ರಲ್ಲಿ ಜ್ಯೂರಿಕ್ ನಗರದಲ್ಲಿಯೂ 1867ರಲ್ಲಿ ವಿಯೆನ್ನಾದಲ್ಲಿಯೂ ಪ್ರಾಧ್ಯಾಪಕನಾದನು. ಜ್ಯೂರಿಕ್‌ನಲ್ಲಿ ತಾನು ಮಾಡಿದ ಚಿಕಿತ್ಸೆಗಳ ಫಲವನ್ನು, ಸಾವುಗಳನ್ನೂ ಮುಚ್ಚಿಡದೆ, ಅವನು ಪ್ರಕಟಿಸಿದನು. ಸೋಲನ್ನು ಮರೆಮಾಚುವವನು ಪಾಠವನ್ನೂ ಮರೆಮಾಚುತ್ತಾನೆ ಎಂಬುದು ಅವನ ನಡೆಯಿಂದಲೇ ತಿಳಿಯುತ್ತದೆ.

ಜಠರದ ಕ್ಯಾನ್ಸರಿಗೆ ಆಗ ಮದ್ದಿರಲಿಲ್ಲ. ರೋಗ ತಗುಲಿದ ಭಾಗವನ್ನು ಕತ್ತರಿಸಿದರೆ ಉಳಿದುದು ಕೂಡಿಕೊಂಡೀತೇ? ಬಿಲ್‌ರೋತ್ ಆತುರಪಡಲಿಲ್ಲ. ಅವನ ಶಿಷ್ಯರು ಮೊದಲು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಹೊಲಿದ ಜಠರ ಮಾಯುವುದೆಂದು ಕಂಡುಕೊಂಡರು. 1879ರಲ್ಲಿ ಪ್ಯಾರಿಸಿನ ಪೇಆನ್, 1880ರಲ್ಲಿ ಪೋಲೆಂಡಿನ ರೀಡಿಗಿಯರ್ ಈ ಶಸ್ತ್ರಕ್ರಿಯೆಗೆ ಕೈಹಾಕಿದರು. ಅವರ ರೋಗಿಗಳು ಉಳಿಯಲಿಲ್ಲ.

1881ನೆಯ ಜನವರಿ 29ರಂದು ಬಿಲ್‌ರೋತ್ ಥೆರೇಸ ಹೆಲ್ಲರ್ ಎಂಬ 43 ವರ್ಷದ ಮಹಿಳೆಯ ಜಠರದ ಕೆಳಭಾಗವನ್ನು ತೆಗೆದು, ಉಳಿದುದನ್ನು ಸಣ್ಣ ಕರುಳಿನ ಮೊದಲ ಭಾಗಕ್ಕೆ ರೇಷ್ಮೆ ದಾರದಿಂದ ಜೋಡಿಸಿದನು. ಆಕೆ ಚೇತರಿಸಿಕೊಂಡು ಮನೆಗೆ ಮರಳಿದಳು. ಸುಮಾರು ನಾಲ್ಕು ತಿಂಗಳ ತರುವಾಯ ಹರಡಿದ್ದ ರೋಗವೇ ಆಕೆಯನ್ನು ಕೊಂಡೊಯ್ದಿತು. ಶವಪರೀಕ್ಷೆಯಲ್ಲಿ ಜೋಡಣೆ ಚೆನ್ನಾಗಿ ಮಾಗಿದ್ದುದು ಕಂಡಿತು. ರೋಗ ಗೆದ್ದಿತ್ತು, ಹೊಲಿಗೆ ಸೋತಿರಲಿಲ್ಲ.

ಅವನ ಮುಂದಿನ ಇಬ್ಬರು ರೋಗಿಗಳು ಬದುಕಲಿಲ್ಲ. ಆದರೂ ಅವನೂ ಶಿಷ್ಯರೂ ಧೈರ್ಯಗೆಡಲಿಲ್ಲ. 1885ರಲ್ಲಿ ಅವನು ಕರುಳಿನ ತುದಿಯನ್ನು ಮುಚ್ಚಿ, ಜಠರವನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಸೇರಿಸುವ ಎರಡನೆಯ ವಿಧಾನವನ್ನು ರೂಪಿಸಿದನು. ಇದರಿಂದ ಜೋಡಣೆಯ ಮೇಲಿನ ಎಳೆತ ತಪ್ಪಿತು; ಆದರೆ ಪಿತ್ತರಸ ಜಠರಕ್ಕೆ ಹಿಂದಿರುಗುವ ತೊಂದರೆ ಉಳಿಯಿತು. ಅದನ್ನು ತಗ್ಗಿಸುವ ಮತ್ತೊಂದು ಜೋಡಣೆಗೆ ಸ್ವಿಟ್ಜರ್ಲೆಂಡಿನ ವೈದ್ಯ ರೂ ಅವರ ಹೆಸರಿದೆ. ಹೀಗೆ ಒಬ್ಬನು ಬಿಟ್ಟ ಕೊರತೆಯನ್ನು ಇನ್ನೊಬ್ಬನು ತುಂಬಿದನು.

1894ನೆಯ ಫೆಬ್ರವರಿ 6ರಂದು ಬಿಲ್‌ರೋತ್ ನಿಧನನಾದನು. ಕೌದಿ ಹೊಲಿಯುವ ಆ ಹಳ್ಳಿಗಳ ರೋಗಿಯೊಬ್ಬನಿಗೆ ಇಂದು ಜಠರದ ಶಸ್ತ್ರಕ್ರಿಯೆ ಬೇಕಾದರೆ, ವೈದ್ಯರು ಆರಿಸಿಕೊಳ್ಳುವ ವಿಧಾನಗಳಲ್ಲಿ ಬಿಲ್‌ರೋತನ ಹೆಸರಿನವೂ ಇವೆ. ತಾಳ್ಮೆಯಿಂದ ಪರೀಕ್ಷಿಸಿ, ತಪ್ಪನ್ನು ಒಪ್ಪಿ ತಿದ್ದಿಕೊಂಡ ಮನಸ್ಸೇ ಆ ಹೊಲಿಗೆಯ ನಿಜವಾದ ದಾರ.