ಗಣಿಗೆ ಇಳಿದ ಡಾಕ್ಟರ್ ಹಾಲ್ಡೇನ್

ಪಿಯುಸಿಯಲ್ಲಿ ಬಯಾಲಜಿ ತಗೊಂಡಿದ್ದವರಿಗೆ ಒಪಾರಿನ್ ಮತ್ತು ಹಾಲ್ಡೇನ್ ಅನ್ನೋ ಜೋಡಿ ಹೆಸರು ನೆನಪಿರುತ್ತೆ. ಭೂಮಿ ಮೇಲೆ ಜೀವ ಹೇಗೆ ಹುಟ್ಟಿತು ಅನ್ನೋ ಪಾಠದಲ್ಲಿ ಬರುತ್ತಾರಲ್ಲ, ಆ ಜೆ.ಬಿ.ಎಸ್. ಹಾಲ್ಡೇನ್. ಕೊನೆಗಾಲದಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ಆದ್ರೆ ಈ ಲೇಖನ ಅವರ ಬಗ್ಗೆ ಅಲ್ಲ, ಅವರ ಅಪ್ಪ ಜಾನ್ ಸ್ಕಾಟ್ ಹಾಲ್ಡೇನ್ ಬಗ್ಗೆ.

ಜಾನ್ ಹಾಲ್ಡೇನ್ ಹುಟ್ಟಿದ್ದು 1860ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. 1884ರಲ್ಲಿ ಅಲ್ಲೇ ವೈದ್ಯಕೀಯ ಪದವಿ ಪಡೆದರು. ಕ್ಲಿನಿಕ್ ಇಟ್ಟುಕೊಂಡು ಆರಾಮಾಗಿ ಇರಬಹುದಿತ್ತು. ಅವರು ಆರಿಸಿಕೊಂಡಿದ್ದು ಗಾಳಿಯನ್ನ! ಬಡವರ ಇಕ್ಕಟ್ಟಾದ ಮನೆಗಳು, ಶಾಲೆಗಳು, ಚರಂಡಿಗಳು, ಹೀಗೆ ಎಲ್ಲೆಲ್ಲಿ ಜನ ಕೆಟ್ಟ ಗಾಳಿ ಉಸಿರಾಡ್ತಿದ್ರೋ ಅಲ್ಲೆಲ್ಲ ಹೋಗಿ ಗಾಳಿಯ ಸ್ಯಾಂಪಲ್ ತಂದು ಪರೀಕ್ಷೆ ಮಾಡ್ತಿದ್ರು. ಆಮೇಲೆ ಆಕ್ಸ್‌ಫರ್ಡ್ ಅವರ ಊರಾಯಿತು.

1896ರ ಜನವರಿ 27ರಂದು ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಸ್ಫೋಟ ಅಂದ್ಮೇಲೆ ಹೊಡೆತದಿಂದಲೋ ಬೆಂಕಿಯಿಂದಲೋ ಸತ್ತಿರಬೇಕು ಅಂತ ಯಾರಾದ್ರೂ ಅಂದುಕೊಳ್ತಾರೆ. ಹಾಲ್ಡೇನ್ ಅಲ್ಲಿಗೆ ಹೋಗಿ ಶವಗಳನ್ನ ಪರೀಕ್ಷಿಸಿದರು. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದು ಕಾರ್ಬನ್ ಮಾನಾಕ್ಸೈಡ್‌ನ ಗುರುತು. ಹೆಚ್ಚಿನವರನ್ನ ಕೊಂದಿದ್ದು ಸ್ಫೋಟ ಅಲ್ಲ, ಸ್ಫೋಟ ಆದಮೇಲೆ ಸುರಂಗದಲ್ಲಿ ತುಂಬಿಕೊಂಡ ಗಾಳಿ. ಅಂದ್ರೆ ಎಷ್ಟೋ ಜನ ಸ್ಫೋಟದಲ್ಲಿ ಬದುಕುಳಿದು, ಆಮೇಲೆ ಸತ್ತಿದ್ದರು. ಅವರನ್ನ ಉಳಿಸೋಕೆ ಆಗ್ತಿತ್ತು ಅನ್ನೋದೇ ಈ ವರದಿಯ ಭಾರ.

ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ ಇದನ್ನ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಮನುಷ್ಯ ಸಾಯೋವಷ್ಟು ಅನಿಲ ಇದ್ರೂ ದೀಪ ಮಾತ್ರ ಆರಾಮಾಗಿ ಉರೀತಿರುತ್ತೆ. ಹಾಗಾಗಿ ದೀಪ ನಂಬಿಕೊಂಡು ಒಳಗೆ ಹೋದ ರಕ್ಷಣಾ ತಂಡದವರೂ ಸಾಯ್ತಿದ್ರು. ಹಾಲ್ಡೇನ್ ತಾವೇ ಈ ಅನಿಲವನ್ನ ಉಸಿರಾಡಿ, ತಮ್ಮದೇ ರಕ್ತ ಪರೀಕ್ಷೆ ಮಾಡ್ತಾ, ಯಾವಾಗ ಕಾಲು ಸೋಲುತ್ತೆ, ಯಾವಾಗ ಬುದ್ಧಿ ಮಂಕಾಗುತ್ತೆ ಅಂತ ಬರೆದಿಟ್ಟರು. ಚಿಕ್ಕ ಪ್ರಾಣಿಗಳ ಉಸಿರಾಟ ವೇಗ, ಅವು ಮೊದಲೇ ಕುಸಿಯುತ್ತವೆ. ಅದಕ್ಕೇ ಇಲಿ ಅಥವಾ ಚಿಕ್ಕ ಹಕ್ಕಿಯನ್ನ ಜೊತೆಗೆ ಒಯ್ಯಿರಿ ಅಂತ ಸಲಹೆ ಕೊಟ್ಟರು. ಗಣಿಯ ಕ್ಯಾನರಿ ಹಕ್ಕಿ ಬಂದಿದ್ದು ಹೀಗೆ.

ಮಗನನ್ನೂ ಬಿಡಲಿಲ್ಲ. ಹುಡುಗನನ್ನ ಗಣಿಯೊಳಗೆ ಕರ್ಕೊಂಡು ಹೋಗಿ, ನಿಂತುಕೊಂಡು ಷೇಕ್ಸ್‌ಪಿಯರ್ ನಾಟಕದ ಒಂದು ಭಾಷಣ ಹೇಳು ಅಂದರು. ಸ್ವಲ್ಪ ಹೊತ್ತಿಗೇ ಅವನಿಗೆ ಏದುಸಿರು ಬಂತು, ಕಾಲು ಸೋತು ಬಿದ್ದ. ನೆಲದ ಹತ್ತಿರ ಗಾಳಿ ಚೆನ್ನಾಗಿತ್ತು, ಚೇತರಿಸಿಕೊಂಡ. ಮೀಥೇನ್ ಗಾಳಿಗಿಂತ ಹಗುರ, ಮೇಲೆ ನಿಲ್ಲುತ್ತೆ ಅನ್ನೋ ಪಾಠವನ್ನ ಆ ಹುಡುಗ ಮರೆಯೋ ಹಾಗೇ ಇರಲಿಲ್ಲ.

1908ರಲ್ಲಿ ಹಾಲ್ಡೇನ್, ಮುಳುಗುಗಾರರು ಎಷ್ಟೆಷ್ಟು ಆಳದಲ್ಲಿ ಎಷ್ಟು ಹೊತ್ತು ನಿಂತು ಮೇಲೆ ಬರಬೇಕು ಅನ್ನೋ ಕೋಷ್ಟಕ ಕೊಟ್ಟರು. 1915ರಲ್ಲಿ ಯುದ್ಧಭೂಮಿಗೆ ಹೋಗಿ, ಸೈನಿಕರ ಮೇಲೆ ಬಿಟ್ಟಿದ್ದು ಕ್ಲೋರಿನ್ ಅಂತ ಗುರುತಿಸಿದರು. 1936ರಲ್ಲಿ, ಪರ್ಷಿಯಾ ಮತ್ತು ಇರಾಕ್‌ನ ತೈಲ ಕಾರ್ಮಿಕರಿಗೆ ಬಿಸಿಲಿನ ಝಳದಿಂದ ಆಗ್ತಿದ್ದ ತೊಂದರೆ ನೋಡಿ ಬಂದು, ನ್ಯುಮೋನಿಯಾದಿಂದ ತೀರಿಕೊಂಡರು.

ಅವರ ಕೆಲಸದಿಂದ ಸಾವುಗಳು ನಿಂತುಹೋದವು ಅಂತ ಹೇಳೋಕಾಗಲ್ಲ. 1913ರ ಅಕ್ಟೋಬರ್ 14ರಂದು ವೇಲ್ಸ್‌ನದೇ ಸೆಂಘೆನಿದ್ ಗಣಿಯಲ್ಲಿ 439 ಕಾರ್ಮಿಕರು ಮತ್ತು ಒಬ್ಬ ರಕ್ಷಕ ಸತ್ತರು. ಬ್ರಿಟನ್ನಿನ ಗಣಿ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದುರಂತ ಇಲ್ಲ. ಮ್ಯಾನೇಜರ್‌ಗೆ ಬಿದ್ದ ದಂಡ 24 ಪೌಂಡ್. ಭಾಗಿಸಿ ನೋಡಿ, ಒಂದು ಜೀವಕ್ಕೆ ಎಷ್ಟು ಬಂತು ಅಂತ. ಸರಿಯಾಗಿ 100 ವರ್ಷದ ನಂತರ, 2013ರಲ್ಲಿ, ಅದೇ ದಿನ ಅಲ್ಲಿ ವೇಲ್ಸ್‌ನ ರಾಷ್ಟ್ರೀಯ ಗಣಿ ಸ್ಮಾರಕ ತೆರೆಯಿತು. ಕುಸಿಯುತ್ತಿರೋ ಕಾರ್ಮಿಕನನ್ನ ಹಿಡ್ಕೊಂಡ ರಕ್ಷಕನ ಕಂಚಿನ ಪ್ರತಿಮೆ, ಜೊತೆಗೆ ವೇಲ್ಸ್‌ನ ಬೇರೆ ಗಣಿ ದುರಂತಗಳನ್ನೂ ನೆನೆಸೋ ಉದ್ಯಾನ ಅಲ್ಲಿದೆ.

ಸತ್ತವರನ್ನ ನೆನೆಯೋಕೆ ಕಲ್ಲು, ಕಂಚು ಬೇಕು. ಆದ್ರೆ ಅವರು ಹೇಗೆ ಸತ್ತರು ಅಂತ ಸರಿಯಾಗಿ ತಿಳ್ಕೊಂಡು, ಇನ್ನೊಬ್ಬ ಹಾಗೆ ಸಾಯದ ಹಾಗೆ ನೋಡ್ಕೊಳ್ಳೋದೂ ನೆನೆಯೋದೇ ಅಲ್ವಾ? ಹಾಲ್ಡೇನ್ ಮಾಡಿದ್ದು ಅದು. ಬ್ರಿಟನ್ನಿನ ಗಣಿಗಳು ಕ್ಯಾನರಿಗಳನ್ನ ಕೈಬಿಟ್ಟು ಎಲೆಕ್ಟ್ರಾನಿಕ್ ಯಂತ್ರ ತಂದಿದ್ದು 1986ರಲ್ಲಿ. ನಮ್ಮ ಮಿನಿ ಪ್ರಾಜೆಕ್ಟ್‌ಗಳಲ್ಲಿ ಬರೋ ಎಂಕ್ಯೂ-7 ಸೆನ್ಸರ್ ಹುಡುಕೋದೂ ಇದೇ ಕಾರ್ಬನ್ ಮಾನಾಕ್ಸೈಡನ್ನ. ಕಿಟಕಿ ಇಲ್ಲದ ಬಾತ್‌ರೂಮಿನ ಗ್ಯಾಸ್ ಗೀಸರ್ ಇವತ್ತಿಗೂ ಜನರನ್ನ ಕೊಲ್ಲೋದೂ ಇದರಿಂದಲೇ. ಮುಂದಿನ ಸಲ ಆ ಸೆನ್ಸರ್‌ನ ಬ್ರೆಡ್‌ಬೋರ್ಡಿಗೆ ಚುಚ್ಚುವಾಗ ಮಾರ್ಕ್ಸ್ ಜೊತೆಗೆ ಟೈಲರ್ಸ್‌ಟೌನಿನ ಆ 57 ಜನರನ್ನೂ ಒಮ್ಮೆ ನೆನೆಸ್ಕೊಳ್ಳೋಣ.