ಕುಮಾರಿ ಸೋಫಿಯಾ ಹೇಡನ್

ಚಿಕಾಗೋ ನಗರದ ಹೆಸರು ನಮ್ಮ ದೇಶದವರಿಗೆ ಹೊಸದಲ್ಲ. 1893ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಸ್ವಾಮಿ ವಿವೇಕಾನಂದರು ಉಪನ್ಯಾಸಮಾಡಿದ ಸರ್ವಧರ್ಮ ಸಮ್ಮೇಳನವು ನೆರೆದುದು ಅಲ್ಲಿಯೇ. ಆ ಸಮ್ಮೇಳನಕ್ಕೆ ನಿಮಿತ್ತವಾದುದು ಅದೇ ವರ್ಷ ಅಲ್ಲಿ ನಡೆದ ಜಗತ್ಪ್ರದರ್ಶನ. ಕೊಲಂಬಸನು ಅಮೇರಿಕಾವನ್ನು ಮುಟ್ಟಿ ನಾನೂರು ವರ್ಷಗಳಾದುದರ ಸ್ಮಾರಕವಾಗಿ, ಮಿಚಿಗನ್ ಸರೋವರದ ತೀರದಲ್ಲಿ ಮೇ 1ರಿಂದ ಅಕ್ಟೋಬರ್ 30ರ ವರೆಗೆ ಅದು ನಡೆಯಿತು. ಅನೇಕ ರಾಷ್ಟ್ರಗಳು ಅಲ್ಲಿ ತಮ್ಮ ತಮ್ಮ ಮಂದಿರಗಳನ್ನು ಕಟ್ಟಿದುವು. ಅವುಗಳ ಜೊತೆಗೆ ಸ್ತ್ರೀಯರ ಕೃತಿಗಳಿಗಾಗಿಯೇ ಒಂದು ಮಂದಿರವಿದ್ದಿತು. ಅದರ ನಕ್ಷೆಯನ್ನು ರಚಿಸಿದವಳು ಇಪ್ಪತ್ತೆರಡು ವರ್ಷದ ಒಬ್ಬ ಕನ್ಯೆ. ಆಕೆಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡಲು ನಾವು ಬಯಸುತ್ತೇವೆ.

ಸೋಫಿಯಾ ಹೇಡನ್ 1868ನೆಯ ಇಸವಿ ಅಕ್ಟೋಬರ್ 17ರಂದು ದಕ್ಷಿಣ ಅಮೇರಿಕಾದ ಚಿಲಿ ದೇಶದ ಸಾಂಟಿಯಾಗೋ ನಗರದಲ್ಲಿ ಹುಟ್ಟಿದಳು. ತಂದೆ ಅಮೇರಿಕಾ ಸಂಯುಕ್ತ ಸಂಸ್ಥಾನಗಳಿಂದ ಅಲ್ಲಿಗೆ ಹೋಗಿ ನೆಲೆಸಿದ್ದ ದಂತವೈದ್ಯ. ತಾಯಿ ದಕ್ಷಿಣ ಅಮೇರಿಕಾದವಳು. ಆರು ವರ್ಷದ ಬಾಲಿಕೆಯಾಗಿದ್ದಾಗ ಆಕೆಯನ್ನು ವಿದ್ಯಾಭ್ಯಾಸಕ್ಕಾಗಿ ಬೋಸ್ಟನ್ ಸಮೀಪದಲ್ಲಿದ್ದ ಅಜ್ಜ ಅಜ್ಜಿಯರ ಮನೆಗೆ ಕಳುಹಿದರು. ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ ಆಕೆಯ ಮನಸ್ಸು ವಾಸ್ತುಶಿಲ್ಪದ ಕಡೆಗೆ ತಿರುಗಿತು. 1886ರಲ್ಲಿ ಆಕೆ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯವನ್ನು ಸೇರಿದಳು. ಅಲ್ಲಿನ ನಾಲ್ಕು ವರ್ಷಗಳ ವಾಸ್ತುಶಿಲ್ಪ ಶಿಕ್ಷಣವನ್ನು 1890ರಲ್ಲಿ ಪ್ರಶಸ್ತವಾಗಿ ಮುಗಿಸಿ, ಹಾಗೆ ಮುಗಿಸಿದ ಮೊದಲನೆಯ ಸ್ತ್ರೀಯೆನಿಸಿಕೊಂಡಳು.

ವಿದ್ಯೆಯೇನೋ ಕೈಗೂಡಿತು, ಉದ್ಯೋಗವು ಕೈಗೂಡಲಿಲ್ಲ. ಕಟ್ಟಡಗಳ ಕೆಲಸಕ್ಕೆ ಆಕೆಯನ್ನು ಸೇರಿಸಿಕೊಳ್ಳುವವರಿಲ್ಲದೆ, ಬೋಸ್ಟನ್ನಿನ ಒಂದು ಶಾಲೆಯಲ್ಲಿ ನಕ್ಷೆ ಬರೆಯುವುದನ್ನು ಕಲಿಸುವ ಉಪಾಧ್ಯಾಯಿನಿಯಾದಳು.

ಅಷ್ಟರಲ್ಲಿ ಪ್ರದರ್ಶನದ ಸ್ತ್ರೀಮಂಡಲಿಯವರು ತಮ್ಮ ಮಂದಿರದ ನಕ್ಷೆಗಾಗಿ ಸ್ತ್ರೀಯರಿಗೆ ಮಾತ್ರವೇ ಒಂದು ಸ್ಪರ್ಧೆಯನ್ನು ಸಾರಿದರು. ಚಿಕಾಗೋ ನಗರದ ಶ್ರೀಮತಿ ಬರ್ಥಾ ಪಾಮರ್ ಆ ಮಂಡಲಿಯ ಅಧ್ಯಕ್ಷಿಣಿ. ಹದಿಮೂರು ನಕ್ಷೆಗಳು ಬಂದುವು. 1891ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಮೊದಲನೆಯ ಬಹುಮಾನವು ಸೋಫಿಯಾಳಿಗೆ ಸಂದಿತು. ಎರಡನೆಯದು ಆಕೆಯ ಸಹಪಾಠಿಯಾದ ಲೋಯಿಸ್ ಹೌ ಎಂಬಾಕೆಗೆ ದೊರೆಯಿತು. ಸೋಫಿಯಾ ವಿದ್ಯಾಲಯದ ಕಡೆಯ ವರ್ಷದಲ್ಲಿ ಲಲಿತಕಲೆಗಳ ಒಂದು ವಸ್ತುಸಂಗ್ರಹಾಲಯಕ್ಕಾಗಿ ಚಿತ್ರಿಸಿದ್ದ ನಕ್ಷೆಯ ಅಭ್ಯಾಸವೇ ಈಗ ನೆರವಾಯಿತು. ಇಟಲಿ ದೇಶದ ಹಳೆಯ ಅರಮನೆಗಳ ಮಾದರಿಯಲ್ಲಿ, 388 ಅಡಿ ಉದ್ದ, 199 ಅಡಿ ಅಗಲದ ಸೌಧವನ್ನು ಆಕೆ ಯೋಜಿಸಿದಳು. ನಡುವೆ ವಿಶಾಲವಾದ ಅಂಗಣ, ಸುತ್ತಲೂ ಕಮಾನಿನ ಸಾಲುಗಳು, ಮೇಲೆ ಪುಸ್ತಕಶಾಲೆ ಮತ್ತು ಸಭಾಗೃಹ.

ಇದಕ್ಕಾಗಿ ಆಕೆಗೆ ಗೊತ್ತಾದ ಬಹುಮಾನ ಒಂದು ಸಾವಿರ ಡಾಲರು. ಇತರ ಸೌಧಗಳನ್ನು ಯೋಜಿಸಿದ ಪುರುಷರಲ್ಲಿ ಕೆಲವರಿಗೆ ಹತ್ತು ಸಾವಿರ ಡಾಲರುಗಳು ಸಂದುವು. ಆಕೆ ಚಿಕಾಗೋವಿಗೆ ಹೋಗಿ ಕೆಲಸಕ್ಕೆ ನಿಂತಳು. ಮಂಡಲಿಯವರು ಮತ್ತೆ ಮತ್ತೆ ಮಾರ್ಪಾಟುಗಳನ್ನು ಕೇಳುತ್ತಿದ್ದರು. ಶ್ರೀಮತಿ ಪಾಮರರು ದೇಶದ ನಾನಾ ಕಡೆಗಳ ಸ್ತ್ರೀಯರಿಂದ ಕಂಬ, ಕೆತ್ತನೆ, ಬಾಗಿಲು ಮೊದಲಾದುವುಗಳನ್ನು ದಾನವಾಗಿ ಬೇಡಿ, ಅವೆಲ್ಲವನ್ನೂ ಕಟ್ಟಡದಲ್ಲಿ ಸೇರಿಸಬೇಕೆಂದರು. ದಾನಿಗಳ ಪ್ರೀತಿ ದೊಡ್ಡದಾದರೂ ಹೊಂದಿಕೆಯಿಲ್ಲದ ತುಂಡುಗಳನ್ನು ಸೇರಿಸಿದರೆ ಸೌಧದ ಅಂದವು ಕೆಡುವುದೆಂದು ಸೋಫಿಯಾ ಒಪ್ಪಲಿಲ್ಲ. ಕಡೆಗೆ ಒಳಗಣ ಅಲಂಕಾರದ ಹೊಣೆಯು ಕ್ಯಾಂಡೇಸ್ ವ್ಹೀಲರ್ ಎಂಬ ಅನುಭವಿಯಾದ ಮಹಿಳೆಗೆ ಹೋಯಿತು. ಈ ಜಗ್ಗಾಟದಲ್ಲಿ ತೀರ ಬಳಲಿ 1892ರಲ್ಲಿ ಸೋಫಿಯಾ ಅಸ್ವಸ್ಥಳಾದಳು.

ಆಕೆಯ ಕಾಯಿಲೆಗಿಂತಲೂ ಕ್ರೂರವಾದುದು ಅದರ ಮೇಲೆ ಎದ್ದ ಮಾತು. ವಾಸ್ತುಶಿಲ್ಪಿಗಳ ಒಂದು ಪತ್ರಿಕೆಯು ಇದನ್ನೇ ಹಿಡಿದುಕೊಂಡು, ಈ ಉದ್ಯೋಗವನ್ನು ಹೊರುವ ಶಕ್ತಿ ಸ್ತ್ರೀಯರಿಗೆ ಉಂಟೇ ಎಂಬ ಸಂಶಯವನ್ನು ಎತ್ತಿತು. ಒಬ್ಬಳ ಆಯಾಸವನ್ನು ಸ್ತ್ರೀಕುಲದ ಲೆಕ್ಕಕ್ಕೆ ಬರೆದರು. ಆದರೆ ಮಂದಿರವು ಪೂರ್ಣವಾಯಿತು. 1893ನೆಯ ಮೇ 1ರಂದು ತೆರೆಯಿತು. ಮೇರಿ ಕಸಾಟ್ ಮೊದಲಾದ ಚಿತ್ರಕಾರಿಣಿಯರ ಚಿತ್ರಗಳಿಂದ ಶೋಭಿಸಿತು. ಸೋಫಿಯಾಳಿಗೆ ಒಂದು ಪದಕವೂ ಬಂದಿತು.

ಪ್ರದರ್ಶನವು ಮುಗಿದ ಮೇಲೆ ತಾತ್ಕಾಲಿಕವಾದ ಇತರ ಸೌಧಗಳಂತೆ ಆ ಮಂದಿರವನ್ನೂ ಕೆಡವಿದರು. ಸೋಫಿಯಾ 1894ರಲ್ಲಿ ಸ್ತ್ರೀಸಂಘಗಳಿಗಾಗಿ ಮತ್ತೊಂದು ಕಟ್ಟಡವನ್ನು ಯೋಜಿಸಿದಳಾದರೂ ಅದು ಕಾಗದದ ಮೇಲೆಯೇ ಉಳಿಯಿತು. ಆ ಬಳಿಕ ಆಕೆಯ ಕೈಯಿಂದ ಹೆಸರುಳ್ಳ ಕಟ್ಟಡವೊಂದೂ ಏಳಲಿಲ್ಲ. ವಿಲಿಯಂ ಬೆನೆಟ್ ಎಂಬ ಚಿತ್ರಕಾರನನ್ನು 1900ರಲ್ಲಿ ಮದುವೆಯಾಗಿ, ಬೋಸ್ಟನ್ ಬಳಿಯ ವಿಂಥ್ರಪ್ ಎಂಬ ಊರಿನಲ್ಲಿ ಸದ್ದಿಲ್ಲದೆ ಬಾಳಿ, 1953ನೆಯ ಇಸವಿಯಲ್ಲಿ ಆಕೆ ಮಡಿದಳು. ಎರಡನೆಯ ಬಹುಮಾನ ಪಡೆದ ಲೋಯಿಸ್ ಹೌ ಮಾತ್ರ ಸ್ವಂತ ಕಚೇರಿಯನ್ನು ತೆರೆದು, ಬೇರೆ ಸ್ತ್ರೀಯರನ್ನೂ ಜೊತೆಗೆ ಸೇರಿಸಿಕೊಂಡು, ಬಹು ವರ್ಷಗಳ ಕಾಲ ಮನೆಗಳನ್ನು ಕಟ್ಟಿಸಿದಳು. ಆ ಪತ್ರಿಕೆಯ ಸಂಶಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಪ್ರಿಯ ತಾಯಿತಂದೆಗಳೇ, ಬಹುಮಾನದ ದಿನ ನಮ್ಮ ಬಾಲಿಕೆಯರಿಗಾಗಿ ಕೈತಟ್ಟುವವರು ಅನೇಕರಿದ್ದಾರೆ. ಆದರೆ ಹುಡುಗಿಯು ಒಂದು ಪರೀಕ್ಷೆಯಲ್ಲಿ ತಪ್ಪಿದಾಗ, ಇಲ್ಲವೆ ಮೊದಲನೆಯ ಉದ್ಯೋಗದಲ್ಲಿ ಸೋತು ಮನೆಗೆ ಬಂದಾಗ, ಹೆಣ್ಣಿಗೆ ಇಷ್ಟು ಓದು ಏಕೆ ಬೇಕಿತ್ತೆಂಬ ಮಾತನ್ನು ನಾವೂ ಕೇಳಿದ್ದೇವೆ. ಗಂಡುಮಗನು ಸೋತರೆ ಆ ಸೋಲು ಅವನೊಬ್ಬನದೆನ್ನುತ್ತೇವೆ. ಮಗಳಿಗೂ ಅಷ್ಟೇ ನ್ಯಾಯ ಸಲ್ಲಲಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಈಗ ಉಪಾಧ್ಯಾಯಿನಿಯರೂ ದಾದಿಯರೂ ಅಧಿಕಾರಿಣಿಯರೂ ಇದ್ದೀರಿ. ನಿಮ್ಮ ಕೈಕೆಳಗೆ ಬಳಲಿದ ಒಬ್ಬ ಹುಡುಗಿಯು ಬಂದರೆ, ಆಕೆಗೆ ಸ್ವಲ್ಪ ವಿಶ್ರಾಂತಿಯನ್ನು ಕೊಡಿರಿ. ಅನಂತರ ಎರಡನೆಯ ಕೆಲಸವನ್ನೂ ಕೊಡಿರಿ. ಸೋಫಿಯಾ ಹೇಡನ್ ಎಂಬಾಕೆಗೆ ದೊರೆಯದೆ ಹೋದುದು ಅದೊಂದೇ.