ಶಾಲೆ ಬಿಟ್ಟು ಶಾಲೆ ಕಟ್ಟಿದ ಗುರುದೇವ

ಮಕ್ಕಳಿಗೆ ಮನೆಯಲ್ಲಿ ಮಾಡಲು ಎಷ್ಟು ಪಾಠ ಕೊಡಬೇಕೆಂಬ ಚರ್ಚೆ ಇಂದು ನಿನ್ನೆಯದಲ್ಲ. ಹೆಚ್ಚು ಕೊಟ್ಟಷ್ಟೂ ಹೆಚ್ಚು ಕಲಿಯುತ್ತಾರೆಂದು ಕೆಲವು ಹೆತ್ತವರು ಹೇಳುತ್ತಾರೆ. ಮಕ್ಕಳಿಗೆ ಆಟವೂ ಇಲ್ಲ, ನಿದ್ದೆಯೂ ಇಲ್ಲವೆಂದು ಬೇರೆ ಕೆಲವರು ಮರುಗುತ್ತಾರೆ. ಪಾಠದ ಹೊರೆಯನ್ನು ಬಾಲ್ಯದಲ್ಲಿ ತಾವೇ ಹೊತ್ತು, ಮುಂದೆ ತಾವೇ ಒಂದು ಶಾಲೆಯನ್ನು ತೆರೆದವರು ವಿಶ್ವಕವಿ ರವೀಂದ್ರನಾಥ ಠಾಕೂರರು. ಅವರ ಬಾಳಿನ ಆ ಭಾಗವನ್ನು ನಾವಿಲ್ಲಿ ನೆನೆಯೋಣ.

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ. ತಂದೆ ಮಹರ್ಷಿ ದೇವೇಂದ್ರನಾಥರು, ತಾಯಿ ಶಾರದಾದೇವಿ. ತನಗಿಂತ ದೊಡ್ಡ ಹುಡುಗರು ಗಾಡಿಯಲ್ಲಿ ಶಾಲೆಗೆ ಹೋಗುವುದನ್ನು ಕಂಡು ಪುಟ್ಟ ರವಿ ತಾನೂ ಹೋಗಬೇಕೆಂದು ಅತ್ತನು. ಮನೆಯ ಮಾಸ್ತರರು ಒಂದು ಏಟು ಕೊಟ್ಟು, ಮುಂದೆ ಶಾಲೆ ಬೇಡವೆಂದು ಇದಕ್ಕಿಂತಲೂ ಹೆಚ್ಚು ಅಳುವೆ ಎಂದರಂತೆ. ಆ ಮಾತು ಸುಳ್ಳಾಗಲಿಲ್ಲ.

ಬಾಲಕನ ದಿನಚರಿಯನ್ನು ಕೇಳಿದರೆ ಇಂದಿನ ವಿದ್ಯಾರ್ಥಿಗಳೂ ಬೆರಗಾದಾರು. ಬೆಳಕು ಹರಿಯುವ ಮೊದಲೇ ಎದ್ದು ಪೈಲ್ವಾನನೊಡನೆ ಕುಸ್ತಿ. ಮೈಯ ಮಣ್ಣು ಆರುವುದರೊಳಗೆ ಎಲುಬುಗೂಡನ್ನು ತೋರಿಸಿ ಮೂಳೆಗಳ ಪಾಠ. ಅನಂತರ ಗಣಿತ, ಬಂಗಾಳಿ ಸಾಹಿತ್ಯ. ಹತ್ತರಿಂದ ನಾಲ್ಕರವರೆಗೆ ಶಾಲೆ. ಮನೆಗೆ ಬಂದರೆ ಅಂಗಸಾಧನೆಯ ಗುರು, ಅವರ ಹಿಂದೆಯೇ ಚಿತ್ರಕಲೆಯ ಗುರು. ದೀಪ ಹೊತ್ತಿಸುವ ವೇಳೆಗೆ ಅಘೋರಬಾಬುಗಳ ಇಂಗ್ಲಿಷ್ ಪಾಠ. ಪುಸ್ತಕದ ಮುಂದೆ ಕುಳಿತ ಹುಡುಗನ ಕಣ್ಣು ತೂಕಡಿಕೆಯಿಂದ ಮುಚ್ಚಿಹೋಗುತ್ತಿತ್ತು. ಭಾನುವಾರವೂ ಬಿಡುವಿರಲಿಲ್ಲ, ಅಂದು ಸಂಗೀತ, ವಿಜ್ಞಾನ.

ಒಂದು ಸಂಜೆ ಜಡಿಮಳೆ ಸುರಿದು ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಇಂದು ಗುರುಗಳು ಬರಲಾರರೆಂದು ರವಿ ವರಾಂಡದಲ್ಲಿ ಆಸೆಯಿಂದ ಕಾದು ನಿಂತಿದ್ದನು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಅವರ ಕೊಡೆ ಕಾಣಿಸಿತು! ಅಘೋರಬಾಬುಗಳ ಕರ್ತವ್ಯನಿಷ್ಠೆಯೇನೋ ದೊಡ್ಡದು. ಆದರೆ ಬಾಲಕನ ಎದೆ ಕುಸಿದುಹೋಯಿತು.

ಹಾಗಾದರೆ ರವೀಂದ್ರರು ದಡ್ಡರೇ? ಸೋಮಾರಿಯೇ? ಎರಡೂ ಅಲ್ಲ. ನಾರ್ಮಲ್ ಶಾಲೆಯಲ್ಲಿ ಒಬ್ಬ ಉಪಾಧ್ಯಾಯರ ಒರಟು ಮಾತಿಗೆ ನೊಂದು, ಅವರ ತರಗತಿಯಲ್ಲಿ ವರ್ಷವಿಡೀ ಬಾಯಿ ಬಿಡದೆ ಕೊನೆಯಲ್ಲಿ ಕುಳಿತಿದ್ದರು. ವಾರ್ಷಿಕ ಪರೀಕ್ಷೆಯಲ್ಲಿ ಬಂಗಾಳಿಯಲ್ಲಿ ಅವರಿಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತು. ಪರೀಕ್ಷಕರು ಪಕ್ಷಪಾತ ಮಾಡಿದರೆಂದು ದೂರು ಹೋಗಿ, ಮೇಲಧಿಕಾರಿಯ ಸಮಕ್ಷಮ ಮತ್ತೊಮ್ಮೆ ಪರೀಕ್ಷೆ ನಡೆಯಿತು. ಆಗಲೂ ಅವರೇ ಮೊದಲಿಗರು.

1873ರಲ್ಲಿ ಉಪನಯನವಾದ ಮೇಲೆ ತಂದೆ ಮಗನನ್ನು ಹಿಮಾಲಯದ ಡಾಲ್‌ಹೌಸಿಗೆ ಕರೆದುಕೊಂಡು ಹೋದರು. ಅಲ್ಲಿಯೂ ಪಾಠವಿತ್ತು. ಸೂರ್ಯೋದಯಕ್ಕೆ ಮೊದಲೇ, ಕೊರೆಯುವ ಚಳಿಯಲ್ಲಿ ಸಂಸ್ಕೃತದ ವಿಭಕ್ತಿಗಳನ್ನು ಬಾಯಿಪಾಠ ಮಾಡಬೇಕಿತ್ತು. ರಾತ್ರಿ ತಂದೆ ಆಕಾಶದ ನಕ್ಷತ್ರಗಳನ್ನು ತೋರಿಸಿ ಖಗೋಳವನ್ನು ಕಲಿಸಿದರು. ಆದರೆ ಹಗಲಿನಲ್ಲಿ ಕೋಲು ಹಿಡಿದು ಬೆಟ್ಟದಿಂದ ಬೆಟ್ಟಕ್ಕೆ ಒಬ್ಬನೇ ಅಲೆಯಲು ಮಗನನ್ನು ತಡೆಯಲಿಲ್ಲ. ಕಲ್ಕತ್ತೆಯಲ್ಲಿ ತೂಕಡಿಸಿದ ಹುಡುಗ ಇಲ್ಲಿ ಉತ್ಸಾಹದಿಂದ ಕಲಿತನು. ದುಡಿಮೆ ಇಲ್ಲಿಯೂ ಇತ್ತು. ಜೊತೆಗೆ ಬಿಡುವೂ ನಂಬಿಕೆಯೂ ಇದ್ದುವು.

ಹಲವು ಶಾಲೆಗಳನ್ನು ಕಂಡು, ಹದಿನಾಲ್ಕರ ಸುಮಾರಿಗೆ ರವೀಂದ್ರರು ಶಾಲೆಯನ್ನು ಬಿಟ್ಟರು. 1878ರಲ್ಲಿ ಇಂಗ್ಲೆಂಡಿಗೆ ಹೋಗಿ 1880ರಲ್ಲಿ ಪದವಿಯಿಲ್ಲದೆ ಮರಳಿದರು. 1883ರಲ್ಲಿ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಕೆಲಕಾಲ ಇದ್ದು, ಆ ಕಡಲ ತೀರದಲ್ಲಿ ಒಂದು ನಾಟಕವನ್ನು ಬರೆದರು. ಕಾರವಾರದ ಕಡಲ ತೀರಕ್ಕೆ ಇಂದು ಅವರದೇ ಹೆಸರಿದೆ.

ಮಕ್ಕಳಿಗೆ ಅರ್ಥವಾಗದ ಭಾಷೆಯಲ್ಲಿ, ಬಿಡುವೇ ಇಲ್ಲದಂತೆ ಪಾಠ ತುಂಬುವುದನ್ನು ಅವರು 1892ರ ಒಂದು ಪ್ರಬಂಧದಲ್ಲಿ ಖಂಡಿಸಿದರು. ತಾವು ಬಾಲ್ಯದಲ್ಲಿ ಮೊದಲು ಬಂಗಾಳಿಯಲ್ಲೇ ಕಲಿತದ್ದರಿಂದ ಬುದ್ಧಿ ಅರಳಿತೆಂಬ ಕೃತಜ್ಞತೆ ಅವರಿಗೆ ಕೊನೆಯವರೆಗೂ ಇತ್ತು. 1918ರ ಒಂದು ಕಥೆಯಲ್ಲಿ ರಾಜನ ಗಿಣಿಗೆ ಚಿನ್ನದ ಪಂಜರ ಮಾಡಿಸಿ ವಿದ್ಯೆ ಕಲಿಸುತ್ತಾರೆ. ಅದರ ಬಾಯಿಗೆ ಪುಸ್ತಕದ ಹಾಳೆಗಳನ್ನೇ ತುರುಕುತ್ತಾರೆ. ಪಂಡಿತರು ಸಂಭಾವನೆ ಪಡೆಯುತ್ತಾರೆ, ಗಿಣಿ ಸಾಯುತ್ತದೆ.

ಬರೆದು ಸುಮ್ಮನಾಗುವವರು ಅವರಲ್ಲ. 1901ರ ಡಿಸೆಂಬರ್ 22ರಂದು ಶಾಂತಿನಿಕೇತನದಲ್ಲಿ ಐವರು ವಿದ್ಯಾರ್ಥಿಗಳೊಡನೆ ಶಾಲೆ ತೆರೆದರು. ಮಗ ರಥೀಂದ್ರನೂ ಅವರಲ್ಲೊಬ್ಬ. ಮರದ ನೆರಳೇ ತರಗತಿ. ಏಟು ಇಲ್ಲ. ಹಾಗೆಂದು ಅಲ್ಲಿ ಸೋಮಾರಿತನಕ್ಕೆ ಎಡೆಯಿರಲಿಲ್ಲ. ಮಕ್ಕಳು ನಸುಕಿನಲ್ಲೇ ಎದ್ದು ತಮ್ಮ ಕೆಲಸ ತಾವೇ ಮಾಡಿಕೊಂಡು, ಮೌನ ಪ್ರಾರ್ಥನೆಗೆ ಕೂರುತ್ತಿದ್ದರು. ಪಾಠದೊಡನೆ ಹಾಡು, ನಾಟಕ, ಚಿತ್ರ, ತಿರುಗಾಟ ಎಲ್ಲವೂ ಇದ್ದುವು.

ಈ ಶಾಲೆಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ಹಣ ಸಾಲದೆ ಪತ್ನಿ ಮೃಣಾಲಿನೀದೇವಿಯವರ ಒಡವೆಗಳು ಮಾರಾಟವಾದುವು. ಪುರಿಯ ಮನೆಯೂ ಹೋಯಿತು. 1902ರಲ್ಲಿ ಪತ್ನಿ, 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರ ತೀರಿಕೊಂಡರು. ಆದರೂ ಶಾಲೆ ಮುಚ್ಚಲಿಲ್ಲ. 1913ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1921ರಲ್ಲಿ ಆ ಪುಟ್ಟ ಶಾಲೆಯ ನೆಲದಲ್ಲೇ ವಿಶ್ವಭಾರತಿ ತಲೆಯೆತ್ತಿತು. 1941ರ ಆಗಸ್ಟ್ 7ರಂದು, ಹುಟ್ಟಿದ ಮನೆಯಲ್ಲಿಯೇ ಗುರುದೇವರು ಕಣ್ಮುಚ್ಚಿದರು.

ಗಡಿನಾಡಿನ ನಮ್ಮ ಮಕ್ಕಳಿಗೆ ಕನ್ನಡದೊಡನೆ ರಾಜ್ಯದ ಭಾಷೆ, ಹಿಂದಿ, ಇಂಗ್ಲಿಷ್ ಎಲ್ಲವೂ ಬೇಕು. ಹೊರೆ ಸಹಜವಾಗಿಯೇ ಹೆಚ್ಚು. ಪಾಠವೇ ಬೇಡವೆಂದು ರವೀಂದ್ರರ ಬಾಳು ಹೇಳುವುದಿಲ್ಲ. ವಿದ್ಯಾರ್ಥಿಗಳೇ, ಕೊರೆಯುವ ಚಳಿಯ ಆ ಸಂಸ್ಕೃತ ಪಾಠವನ್ನು ಮರೆಯದಿರಿ. ಹೆತ್ತವರೇ, ಮಳೆಯಲ್ಲಿ ಕಾಣಿಸಿದ ಆ ಕೊಡೆಯನ್ನೂ ಮರೆಯದಿರಿ. ಶಾಲೆಯಿಂದ ಬಂದ ಮಗುವನ್ನು ಕೂಡಲೇ ಪುಸ್ತಕದ ಮುಂದೆ ಕೂರಿಸದೆ, ಹೊತ್ತು ಮುಳುಗುವವರೆಗಾದರೂ ಅಂಗಳದಲ್ಲಿ ಆಡಲು ಬಿಡೋಣ. ಅರಿತು ಮಾಡಿದ ಎರಡು ಲೆಕ್ಕ, ತೂಕಡಿಸುತ್ತ ನಕಲು ಮಾಡಿದ ಇಪ್ಪತ್ತಕ್ಕಿಂತ ಮೇಲೆಂದು ನಾವು ನಂಬುತ್ತೇವೆ.